ಅಥೆನ್ಸ್: ಇಳಿದು ಹತ್ತುವ ಬಸ್ಸಿನಲ್ಲಿ

ಹೈಸ್ಕೂಲಿನ ಗಣಿತ, ಭೌತವಿಜ್ಞಾನ ಓದಿದ ಯಾವ ವಿದ್ಯಾರ್ಥಿಯೂ ಗ್ರೀಸ್ ದೇಶದ ರಾಜಧಾನಿ ಅಥೆನ್ಸ್‌ನಲ್ಲಿ ಪೂರ್ತಿ ಅನಕ್ಷರಸ್ಥನಲ್ಲ. ರಸ್ತೆಯ ಹೆಸರು, ಅಂಗಡಿಯ ಫಲಕ, ಬಸ್ಸಿನ ಹಣೆಬರಹ ಎಲ್ಲವೂ ಅವನಿಗೆ ಹಳೆಯ ಪರಿಚಯದ ಅಕ್ಷರಗಳಲ್ಲೇ ಇವೆ. ವೃತ್ತದ ಪರಿಧಿ ಲೆಕ್ಕ ಹಾಕುವಾಗ ಬಂದ ಪೈ, ಕೋನ ಗುರುತಿಸಿದ ಥೀಟ, ತರಂಗಾಂತರದ ಲ್ಯಾಮ್ಡ, ವಿದ್ಯುತ್ ರೋಧದ ಒಮೇಗ - ಇವೆಲ್ಲ ಅಲ್ಲಿ ಲೆಕ್ಕದ ಪುಸ್ತಕ ಬಿಟ್ಟು ಬೀದಿಗೆ ಇಳಿದಿವೆ. ಬಸ್ ನಿಲ್ದಾಣದ ಕಂಬದ ಮೇಲಿನ ‘ಸ್ಟಾಸಿ’ ಎಂಬ ಪದ ಶುರುವಾಗುವುದು ಮೊತ್ತ ಸೂಚಿಸುವ ಸಿಗ್ಮದಿಂದ. ‘ಪ್ಲಾಟಿಯಾ’ ಅಂದರೆ ಚೌಕ. ಅದರ ಮೊದಲ ಅಕ್ಷರ ಪೈ. ಅಲ್ಲಿಯವರು ಅದನ್ನು ‘ಪಿ’ ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಮೊದಲ ದಿನ ಮಕ್ಕಳು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾ ಹೋದರೆ ಸಂಜೆಯ ಹೊತ್ತಿಗೆ ಅಪ್ಪ ಅಮ್ಮನಿಗೇ ದಾರಿ ತೋರಿಸಬಲ್ಲರು.

ಹೀಗೆ ಓದುತ್ತಾ ಹೋಗಲು ಅನುಕೂಲವಾದ ವಾಹನವೊಂದು ಅಲ್ಲಿದೆ. ಊರು ಸುತ್ತಿಸುವ ಡಬಲ್ ಡೆಕ್ಕರ್ ಬಸ್ಸು. ಮೇಲಿನ ಅಂತಸ್ತಿಗೆ ಚಾವಣಿ ಇಲ್ಲ. ಮೈಸೂರಿನಲ್ಲಿ ‘ಅಂಬಾರಿ’ ಬಸ್ಸು ಹತ್ತಿದವರಿಗೆ ಇದರ ಕಲ್ಪನೆ ಬೇಗ ಬರುತ್ತದೆ. ಒಮ್ಮೆ ಟಿಕೆಟ್ ಕೊಂಡರೆ ಇಪ್ಪತ್ನಾಲ್ಕು ಅಥವಾ ನಲವತ್ತೆಂಟು ಗಂಟೆ ಅದು ಊರ್ಜಿತ. ಬೇಕಾದ ನಿಲ್ದಾಣದಲ್ಲಿ ಇಳಿದು, ನೋಡುವುದನ್ನು ನೋಡಿ, ಹಿಂದೆ ಬರುವ ಇನ್ನೊಂದು ಬಸ್ಸು ಹತ್ತಬಹುದು. ಎಲ್ಲಿಯೂ ಇಳಿಯದೆ ಕುಳಿತರೆ ಸುಮಾರು ಒಂದೂವರೆ ಗಂಟೆಯಲ್ಲಿ ಒಂದು ಸುತ್ತು ಮುಗಿಯುತ್ತದೆ. ಇಂಥ ಬಸ್ಸುಗಳನ್ನು ಓಡಿಸುವ ಕಂಪೆನಿಗಳು ಒಂದಕ್ಕಿಂತ ಹೆಚ್ಚು. ಒಂದರ ಟಿಕೆಟ್ ಇನ್ನೊಂದಕ್ಕೆ ನಡೆಯುವುದಿಲ್ಲ ಎಂಬುದನ್ನು ಹತ್ತುವ ಮೊದಲೇ ತಿಳಿದಿರುವುದು ಒಳ್ಳೆಯದು. ಸೀಟಿನ ಪಕ್ಕದಲ್ಲಿ ಒಂದು ತೂತು. ಅದಕ್ಕೆ ಕಿವಿಗೆ ಹಾಕಿಕೊಳ್ಳುವ ತಂತಿ ಸಿಕ್ಕಿಸಿದರೆ ಬೇಕಾದ ಭಾಷೆಯಲ್ಲಿ ವಿವರಣೆ ಕೇಳಿಸುತ್ತದೆ. ಆ ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ಹುಡುಕಿ ಪ್ರಯೋಜನವಿಲ್ಲ.

ಸುತ್ತಿನ ಆರಂಭ ಸಾಮಾನ್ಯವಾಗಿ ಸಿಂಟಗ್ಮಾ ಚೌಕದಿಂದ. ಸಿಂಟಗ್ಮಾ ಎಂದರೆ ಸಂವಿಧಾನ. ಗ್ರೀಕರು 1821ರಲ್ಲಿ ತುರ್ಕಿ ಆಳ್ವಿಕೆಯ ವಿರುದ್ಧ ಎದ್ದು ಸ್ವತಂತ್ರರಾದ ಮೇಲೆ ಯೂರೋಪಿನ ದೊಡ್ಡ ರಾಷ್ಟ್ರಗಳು ಅವರಿಗೆ ಬವೇರಿಯದಿಂದ ಒಬ್ಬ ರಾಜಕುಮಾರನನ್ನು ತಂದು ಕೂರಿಸಿದವು. ಆ ಒಟ್ಟೋ ರಾಜ 1834ರಲ್ಲಿ ಅಥೆನ್ಸನ್ನು ರಾಜಧಾನಿ ಮಾಡಿಕೊಂಡಾಗ ಅದು ಕೆಲವೇ ಸಾವಿರ ಜನರ, ಯುದ್ಧದಲ್ಲಿ ನಜ್ಜುಗುಜ್ಜಾಗಿದ್ದ ಪಟ್ಟಣ. ಚೌಕದ ಎದುರಿಗಿರುವ ಹಳದಿ ಬಣ್ಣದ ದೊಡ್ಡ ಕಟ್ಟಡ ಅವನ ಅರಮನೆ. 1843ರ ಸೆಪ್ಟೆಂಬರ್ 3ರಂದು ಸೈನಿಕರೂ ಪ್ರಜೆಗಳೂ ಅದೇ ಅರಮನೆಯ ಮುಂದೆ ನೆರೆದು ಸಂವಿಧಾನ ಕೊಡು ಎಂದು ಪಟ್ಟು ಹಿಡಿದರು. ರಾಜ ಒಪ್ಪಬೇಕಾಯಿತು. ಚೌಕಕ್ಕೆ ಆ ಹೆಸರು ಬಂತು. ಅರಮನೆ ಈಗ ಸಂಸತ್ ಭವನ. ಅದರ ಮುಂದೆ ಅಜ್ಞಾತ ಯೋಧನ ಸಮಾಧಿಗೆ ನೆರಿಗೆಯ ಲಂಗ, ಕುಚ್ಚಿನ ಮೆಟ್ಟು ತೊಟ್ಟ ಕಾವಲುಗಾರರಿದ್ದಾರೆ. ಲಂಗಕ್ಕೆ ನಾನೂರು ನೆರಿಗೆ. ತುರ್ಕಿಯವರು ಆಳಿದ ನಾನೂರು ವರ್ಷಗಳ ಗುರುತು ಅದು ಎನ್ನುವುದು ವಾಡಿಕೆ. ಗಂಟೆಗೊಮ್ಮೆ ಕಾವಲು ಬದಲಾಗುವಾಗ ಇವರು ಕಾಲನ್ನು ನಿಧಾನವಾಗಿ ಸೊಂಟದ ಎತ್ತರಕ್ಕೆ ಎತ್ತಿ ಇಡುವುದನ್ನು ನೋಡಲು ಜನ ಮುತ್ತುತ್ತಾರೆ. ಮಕ್ಕಳಿಗೆ ನಗು ಬರುವುದು ಸಹಜ. ಆದರೆ ಅಲ್ಲಿ ಜೋರಾಗಿ ನಗುವುದನ್ನು ಆ ದೇಶದವರು ಇಷ್ಟಪಡುವುದಿಲ್ಲ.

ಬಸ್ಸು ಹತ್ತುವ ಮೊದಲು ಅದೇ ಚೌಕದ ಕೆಳಗೆ ಹತ್ತು ನಿಮಿಷ ಇಳಿದು ಬರಬೇಕು. 2000ದ ಜನವರಿಯಲ್ಲಿ ಶುರುವಾದ ಮೆಟ್ರೋ ನಿಲ್ದಾಣ ಅಲ್ಲಿದೆ. ಸುರಂಗ ತೋಡುವಾಗ ಸಿಕ್ಕಿದ ಗೋರಿ, ಮಣ್ಣಿನ ಕೊಳವೆ, ಮಡಕೆ ಚೂರುಗಳನ್ನು ನಿಲ್ದಾಣದಲ್ಲೇ ಜೋಡಿಸಿ ಇಟ್ಟಿದ್ದಾರೆ. ಒಂದು ಗೋಡೆಯಂತೂ ಗಾಜಿನ ಹಿಂದೆ ನೆಲವನ್ನೇ ಸೀಳಿ ತೋರಿಸಿದಂತಿದೆ. ಮೇಲಿನ ಪದರ ಹೊಸದು, ಕೆಳಗಿಳಿದಷ್ಟೂ ಹಳೆಯದು ಎಂಬ ಭೂವಿಜ್ಞಾನದ ಮೊದಲ ಪಾಠವನ್ನು ಚಿತ್ರ ಬರೆದು ಕಲಿಸುವುದಕ್ಕಿಂತ ಈ ಗೋಡೆಯ ಮುಂದೆ ನಿಲ್ಲಿಸಿದರೆ ಸಾಕು. ಅಂದಹಾಗೆ, ನಾವು ದಿನವೂ ಬಳಸುವ ‘ಸುರಂಗ’ ಎಂಬ ಪದವೂ ‘ಸಿರಿಂಕ್ಸ್’ ಎಂಬ ಗ್ರೀಕ್ ಪದದಿಂದ ಸಂಸ್ಕೃತಕ್ಕೆ ಬಂದು ಅಲ್ಲಿಂದ ಕನ್ನಡಕ್ಕೆ ಇಳಿದದ್ದು ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ವೃತ್ತದ ‘ಕೇಂದ್ರ’, ಪಂಚಾಂಗದ ‘ಹೋರಾ’ ಕೂಡ ಅದೇ ದಾರಿಯಲ್ಲಿ ಬಂದವು.

ಬಸ್ಸು ಹೊರಟರೆ ರಸ್ತೆಯ ಬಲಗಡೆ ಓಡುತ್ತದೆ. ಬಾಗಿಲೂ ಬಲಕ್ಕೆ. ನಮ್ಮವರು ಇಳಿದು ರಸ್ತೆ ದಾಟುವಾಗ ಅಭ್ಯಾಸಬಲದಿಂದ ಮೊದಲು ಬಲಕ್ಕೆ ನೋಡುತ್ತಾರೆ. ಗಾಡಿ ಬರುವುದು ಎಡದಿಂದ. ಮಕ್ಕಳ ಕೈ ಹಿಡಿದಿರಬೇಕು. ಪಾದಚಾರಿ ಹಾದಿಯ ಉದ್ದಕ್ಕೂ ಕಿತ್ತಳೆ ಮರಗಳು. ಹಣ್ಣು ತುಂಬಿ ಬಾಗಿದ್ದರೂ ಯಾರೂ ಕೀಳುವುದಿಲ್ಲವಲ್ಲ ಎಂದು ಆಶ್ಚರ್ಯಪಟ್ಟು ಒಂದನ್ನು ಬಾಯಿಗಿಟ್ಟವರಿಗೆ ಕಾರಣ ಕೂಡಲೇ ತಿಳಿಯುತ್ತದೆ. ಹುಳಿ, ಅದರ ಮೇಲೆ ಕಹಿ. ನಮ್ಮ ಹೇರಳೆಕಾಯಿಯ ಸಂಬಂಧಿ. ನಾವು ಉಪ್ಪಿನಕಾಯಿ ಹಾಕಿದರೆ ಅವರು ಸಕ್ಕರೆ ಪಾಕದಲ್ಲಿ ಬೇಯಿಸಿ ಬಂದ ಅತಿಥಿಗೆ ಚಮಚದಲ್ಲಿ ಕೊಡುತ್ತಾರೆ.

ಮೊದಲು ಎದುರಾಗುವ ದೊಡ್ಡ ಪಳೆಯುಳಿಕೆ ಒಲಿಂಪಿಯನ್ ಜ್ಯೂಸ್‌ನ ದೇವಾಲಯ. ಕ್ರಿ.ಪೂ. 6ನೇ ಶತಮಾನದಲ್ಲಿ ಶುರುವಾಗಿ ರೋಮನ್ ಚಕ್ರವರ್ತಿ ಹೇಡ್ರಿಯನ್ ಕಾಲದಲ್ಲಿ, ಅಂದರೆ ಕ್ರಿ.ಶ. 2ನೇ ಶತಮಾನದಲ್ಲಿ, ಮುಗಿಯಿತು. ಕಟ್ಟಲು ಹಿಡಿದದ್ದು ಆರು ಶತಮಾನಕ್ಕೂ ಹೆಚ್ಚು! ನೂರನಾಲ್ಕು ಕಂಬಗಳಿದ್ದ ಜಾಗದಲ್ಲಿ ಹದಿನೈದು ನಿಂತಿವೆ. ಹದಿನಾರನೆಯದು 1852ರ ಬಿರುಗಾಳಿಗೆ ಬಿದ್ದು ಅಲ್ಲೇ ಮಲಗಿದೆ. ವಿದ್ಯಾರ್ಥಿಗಳು ನೋಡಬೇಕಾದದ್ದು ನಿಂತ ಕಂಬಗಳಿಗಿಂತ ಈ ಬಿದ್ದ ಕಂಬವನ್ನು. ಕೋಡುಬಳೆ ಕಟ್ಟು ಜಾರಿದಂತೆ ಕಲ್ಲಿನ ಬಿಲ್ಲೆಗಳು ಒಂದರ ಮೇಲೊಂದು ಒರಗಿವೆ. ಗ್ರೀಕ್ ಕಂಬ ಒಂದೇ ಕಲ್ಲಲ್ಲ, ಬಿಲ್ಲೆಗಳ ಜೋಡಣೆ ಎಂಬುದು ಆಗ ಯಾರೂ ಹೇಳದೆಯೇ ಅರ್ಥವಾಗುತ್ತದೆ. ಪಕ್ಕದಲ್ಲೇ ಹೇಡ್ರಿಯನ್ ಹೆಸರಿನ ಕಮಾನು. ಅದರ ಒಂದು ಮುಖದ ಬರಹ ಇದು ಪುರಾಣಪುರುಷ ಥೀಸಿಯಸ್‌ನ ಊರು ಎಂದರೆ, ಇನ್ನೊಂದು ಮುಖದ್ದು ಇದು ಹೇಡ್ರಿಯನ್‌ನ ಊರು, ಥೀಸಿಯಸ್‌ನದ್ದಲ್ಲ ಎನ್ನುತ್ತದೆ. ಊರಿಗೆ ತಮ್ಮ ಹೆಸರು ಇಟ್ಟುಕೊಳ್ಳುವ ಚಪಲ ಆಳುವವರಿಗೆ ಇಂದು ನಿನ್ನೆಯದಲ್ಲ.

ಸ್ವಲ್ಪ ಮುಂದೆ ಕುದುರೆ ಲಾಳದ ಆಕಾರದ ಪನಥಿನೈಕ್ ಕ್ರೀಡಾಂಗಣ. ಪೂರ್ತಿ ಬಿಳಿ ಅಮೃತಶಿಲೆ. 1896ರಲ್ಲಿ ಆಧುನಿಕ ಒಲಿಂಪಿಕ್ಸ್ ಇಲ್ಲಿ ಮೊದಲಾಯಿತು. ಆ ವರ್ಷದ ಮ್ಯಾರಥಾನ್ ಓಟ ಗೆದ್ದ ಸ್ಪಿರಿಡಾನ್ ಲೂಯಿಸ್ ನೀರು ಹೊತ್ತು ಮಾರಿ ಜೀವನ ಮಾಡುತ್ತಿದ್ದವನು. ಆಗಿನ ಓಟ ಸುಮಾರು ನಲವತ್ತು ಕಿ.ಮೀ. ಈಗ ಎಲ್ಲರಿಗೂ ಬಾಯಿಪಾಠವಾಗಿರುವ 42.195 ಕಿ.ಮೀ. ಲೆಕ್ಕ ಬಂದದ್ದು 1908ರ ಲಂಡನ್ ಕೂಟದಿಂದ. 2004ರಲ್ಲಿ ಒಲಿಂಪಿಕ್ಸ್ ಮತ್ತೆ ಅಥೆನ್ಸ್‌ಗೆ ಬಂದಾಗ ಮ್ಯಾರಥಾನ್ ಮುಗಿದದ್ದು ಈ ಕ್ರೀಡಾಂಗಣದಲ್ಲೇ. ಈ 2004ನೇ ಇಸವಿಯನ್ನು ಓದುಗರು ನೆನಪಿಟ್ಟುಕೊಳ್ಳಲಿ, ಮುಂದೆ ಬೇಕಾಗುತ್ತದೆ.

ಬಂಡೆಯ ಮೇಲೆ

ಬಸ್ಸಿನ ಮೇಲಂತಸ್ತಿನಿಂದ ಅಕ್ರೊಪೊಲಿಸ್ ಬೆಟ್ಟ ಕಣ್ಣುಮುಚ್ಚಾಲೆ ಆಡುತ್ತದೆ. ಒಂದು ತಿರುವಿನಲ್ಲಿ ಕಾಣಿಸಿ ಮರುಕ್ಷಣ ಮನೆಗಳ ಹಿಂದೆ ಮರೆಯಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 150 ಮೀಟರ್ ಎತ್ತರದ ಸುಣ್ಣಕಲ್ಲಿನ ಬಂಡೆ ಅದು. ಅದರ ಬುಡದ ಎರಡು ಮುಖ್ಯ ರಸ್ತೆಗಳನ್ನು 2004ರ ಒಲಿಂಪಿಕ್ಸ್‌ಗೆ ಮುಂಚೆ ಕಾಲ್ನಡಿಗೆಯವರಿಗೆ ಮೀಸಲಿಟ್ಟಿದ್ದರಿಂದ ಬಸ್ಸು ಹತ್ತಿರದ ನಿಲ್ದಾಣದಲ್ಲಿ ಬಿಡುತ್ತದೆ, ಮುಂದಿನದು ನಡಿಗೆ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗುವುದು ಜಾಣತನ. ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲು ಹೇಗಿರುತ್ತದೆಂದರೆ 2023, 2024, 2025ರಲ್ಲಿ ಬಿಸಿಗಾಳಿಯ ದಿನಗಳಂದು ಸರಕಾರವೇ ಮಧ್ಯಾಹ್ನದ ಕೆಲವು ಗಂಟೆ ಅಕ್ರೊಪೊಲಿಸ್ಸನ್ನು ಮುಚ್ಚಿಸಿತು. 2023ರ ಸೆಪ್ಟೆಂಬರಿನಿಂದ ದಿನಕ್ಕೆ ಇಪ್ಪತ್ತು ಸಾವಿರ ಜನರ ಮಿತಿಯೂ ಬಂದಿದೆ. ಟಿಕೆಟ್ಟಿನ ಮೇಲೆ ಒಳಹೋಗುವ ವೇಳೆ ನಮೂದಾಗಿರುತ್ತದೆ. ಬಸ್ಸಿನ ಟಿಕೆಟ್ ಇದ್ದರೆ ಇದಕ್ಕೂ ನಡೆಯುತ್ತದೆ ಎಂದು ಭಾವಿಸಿ ಬರುವವರಿದ್ದಾರೆ. ನಡೆಯುವುದಿಲ್ಲ. ಇನ್ನೊಂದು ಮಾತು: ಲಕ್ಷಾಂತರ ಪಾದಗಳು ಸವರಿದ ಅಲ್ಲಿನ ಕಲ್ಲು ಕನ್ನಡಿಯಂತೆ ನುಣುಪಾಗಿದೆ. ಹವಾಯಿ ಚಪ್ಪಲಿಯವರು ಜಾರುತ್ತಾರೆ.

ಮೇಲೆ ಪಾರ್ಥೆನಾನ್. ಇಕ್ಟಿನಸ್, ಕ್ಯಾಲಿಕ್ರೇಟಿಸ್ ಎಂಬ ಶಿಲ್ಪಿಗಳು ಕ್ರಿ.ಪೂ. 447ರಲ್ಲಿ ಆರಂಭಿಸಿ 438ರ ಹೊತ್ತಿಗೆ ನಿಲ್ಲಿಸಿದ, ಅಥೀನಾ ದೇವತೆಯ ಗುಡಿ. ಶಿಲ್ಪಗಳು ಮುಗಿದದ್ದು 432ಕ್ಕೆ. ಮುಂದೆ ಎಂಟು, ಪಕ್ಕಕ್ಕೆ ಹದಿನೇಳು. ಮೂಲೆಯದನ್ನು ಎರಡು ಸಲ ಎಣಿಸದಿದ್ದರೆ ಒಟ್ಟು ನಲವತ್ತಾರು ಹೊರಗಂಬಗಳು. ಕಲ್ಲು ಬಂದದ್ದು ಹದಿನಾರು ಕಿ.ಮೀ. ದೂರದ ಪೆಂಟೆಲಿಕಾನ್ ಬೆಟ್ಟದಿಂದ. ಹೊಸದಾಗಿ ಕಡಿದಾಗ ಅದು ಹಾಲುಬಿಳಿ. ಒಳಗೆ ಸ್ವಲ್ಪ ಕಬ್ಬಿಣದ ಅಂಶವಿರುವುದರಿಂದ ವರ್ಷಗಳು ಉರುಳಿದಂತೆ ಜೇನಿನ ಬಣ್ಣಕ್ಕೆ ತಿರುಗುತ್ತದೆ.

ಎಲ್ಲವೂ ನೇರವಾಗಿ ಕಾಣುವ ಈ ಕಟ್ಟಡದಲ್ಲಿ ನೇರ ರೇಖೆ ಸಿಗುವುದು ಕಷ್ಟ. ಕಂಬಗಳು ನಿಂತಿರುವ ಜಗಲಿ ಮಧ್ಯದಲ್ಲಿ ಉಬ್ಬಿದೆ. ಉದ್ದದ ಬದಿಯಲ್ಲಿ ಈ ಉಬ್ಬು ಸುಮಾರು 11 ಸೆಂ.ಮೀ., ಅಗಲದ ಬದಿಯಲ್ಲಿ ಸುಮಾರು 6 ಸೆಂ.ಮೀ. ಮೆಟ್ಟಿಲಿನ ಒಂದು ತುದಿಯಲ್ಲಿ ಕಣ್ಣನ್ನು ಕಲ್ಲಿನ ಮಟ್ಟಕ್ಕೆ ತಂದು ಇನ್ನೊಂದು ತುದಿಗೆ ನೋಡಿದರೆ ನಡುವಿನ ಉಬ್ಬು ಗೋಚರಿಸುತ್ತದೆ. ಹತ್ತನೇ ತರಗತಿಯ ಹುಡುಗ ಹುಡುಗಿಯರು ಇದನ್ನು ಲೆಕ್ಕಕ್ಕೆ ತರಬಹುದು. ಜಗಲಿಯ ಉದ್ದ ಸುಮಾರು 69.5 ಮೀಟರ್, ಉಬ್ಬು 0.11 ಮೀಟರ್. ಇದನ್ನು ವೃತ್ತದ ಕಂಸವೆಂದು ಹಿಡಿದು, ಜ್ಯಾದ ವರ್ಗವನ್ನು ಉಬ್ಬಿನ ಎಂಟರಷ್ಟರಿಂದ ಭಾಗಿಸಿದರೆ ತ್ರಿಜ್ಯ ಸಿಗುತ್ತದೆ: ಹತ್ತಿರ ಹತ್ತಿರ ಐದೂವರೆ ಕಿಲೋಮೀಟರ್! ಅಷ್ಟು ದೊಡ್ಡ ವೃತ್ತದ ಪುಟ್ಟ ತುಣುಕೊಂದನ್ನು ಉಳಿ ಸುತ್ತಿಗೆಗಳಿಂದ ಕಲ್ಲಿನಲ್ಲಿ ಮೂಡಿಸಿದ್ದಾರೆ. ಕಂಬಗಳೂ ತುಸು ಒಳಕ್ಕೆ ವಾಲಿವೆ. ಅವನ್ನು ಮೇಲಕ್ಕೆ ಬೆಳೆಸುತ್ತಾ ಹೋದರೆ ಎರಡು ಕಿ.ಮೀ.ಗೂ ಮೇಲೆ ಆಕಾಶದಲ್ಲಿ ಸಂಧಿಸುತ್ತವೆ ಎಂದು ಅಳೆದವರು ಹೇಳುತ್ತಾರೆ. ಹೀಗೇಕೆ ಮಾಡಿದರು? ಸಮತಟ್ಟಾದ ಜಗಲಿ ಕಣ್ಣಿಗೆ ತಗ್ಗಾದಂತೆ ಕಾಣುತ್ತದೆ ಎಂಬುದು ರೋಮನ್ ಲೇಖಕ ವಿಟ್ರುವಿಯಸ್ ಕೊಟ್ಟ ಕಾರಣ. ಮಳೆನೀರು ಹರಿದುಹೋಗಲಿ ಎಂದಿರಬಹುದು ಎನ್ನುವವರೂ ಇದ್ದಾರೆ. ಎರಡೂ ಇರಬಹುದು.

ಈ ಗುಡಿ ಎರಡು ಸಾವಿರ ವರ್ಷ ಹೆಚ್ಚುಕಡಿಮೆ ಇಡಿಯಾಗಿಯೇ ನಿಂತಿತ್ತು. ಮಧ್ಯೆ ಚರ್ಚ್ ಆಯಿತು, ಮಸೀದಿ ಆಯಿತು. 1687ರ ಸೆಪ್ಟೆಂಬರ್ 26ರಂದು ವೆನಿಸ್ಸಿನ ಸೈನ್ಯ ಹಾರಿಸಿದ ಗುಂಡು ತುರ್ಕರು ಒಳಗೆ ಇಟ್ಟಿದ್ದ ಮದ್ದಿಗೆ ತಗುಲಿ ನಡುಭಾಗ ಹಾರಿಹೋಯಿತು. ಉಳಿದದ್ದರಲ್ಲಿ ಚೆನ್ನಾದ ಶಿಲ್ಪಗಳನ್ನು 1801ರಿಂದ ಬ್ರಿಟಿಷ್ ರಾಯಭಾರಿ ಲಾರ್ಡ್ ಎಲ್ಗಿನ್ ಕಡಿಸಿ ಸಾಗಿಸಿದ. 1816ರಲ್ಲಿ ಅವು ಬ್ರಿಟಿಷ್ ಮ್ಯೂಸಿಯಂ ಸೇರಿದವು, ಇಂದಿಗೂ ಅಲ್ಲಿವೆ.

ಮದ್ದು, ಕೊಳ್ಳೆ ಇವೆಲ್ಲ ಇತಿಹಾಸದ ಪುಸ್ತಕದಲ್ಲಿ ಸಿಗುತ್ತವೆ. ವಿಜ್ಞಾನದ ತರಗತಿಗೆ ಸೇರಿದ ಇನ್ನೆರಡು ಹಾನಿಗಳಿವೆ, ಅವುಗಳ ಬಗ್ಗೆ ಬಸ್ಸಿನ ಧ್ವನಿ ಹೆಚ್ಚು ಹೇಳುವುದಿಲ್ಲ. ಒಂದು, ತುಕ್ಕು. ಪ್ರಾಚೀನರು ಗಾರೆ ಬಳಸದೆ ಕಲ್ಲಿಗೆ ಕಲ್ಲನ್ನು ಕಬ್ಬಿಣದ ಕೊಂಡಿಗಳಿಂದ ಬಿಗಿದು ಅದರ ಸುತ್ತ ಕರಗಿಸಿದ ಸೀಸ ಹೊಯ್ದಿದ್ದರು. ಸೀಸ ನೀರನ್ನೂ ಗಾಳಿಯನ್ನೂ ಒಳಬಿಡಲಿಲ್ಲ. 19ನೇ ಶತಮಾನದ ಕೊನೆಯಿಂದ ಹಲವು ದಶಕ ನಡೆದ ಜೀರ್ಣೋದ್ಧಾರದಲ್ಲಿ ಎಂಜಿನಿಯರ್ ನಿಕೊಲಾಸ್ ಬಲಾನೋಸ್ ಹೊಸ ಕಬ್ಬಿಣದ ಕೊಂಡಿಗಳನ್ನು ಸೀಸದ ಹೊದಿಕೆ ಇಲ್ಲದೆ ಹಾಕಿಸಿದರು. ಸದುದ್ದೇಶದಿಂದಲೇ. ಆದರೆ ಕಬ್ಬಿಣ ತುಕ್ಕಾದಾಗ ಗಾತ್ರ ಹಲವು ಪಟ್ಟು ಹಿಗ್ಗುತ್ತದೆ. ಗೋಡೆಗೆ ಹೊಡೆದ ಮೊಳೆ ತುಕ್ಕು ಹಿಡಿದು ಗಾರೆ ಉದುರಿಸುವುದನ್ನು ಯಾರು ಕಂಡಿಲ್ಲ? ಅದೇ ಅಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದು ಅಮೃತಶಿಲೆಯನ್ನು ಒಳಗಿನಿಂದಲೇ ಸೀಳಿತು. 1975ರಲ್ಲಿ ತಜ್ಞರ ಸಮಿತಿಯೊಂದು ರಚನೆಯಾಗಿ, ಅಂದಿನಿಂದ ಕಲ್ಲುಗಳನ್ನು ಬಿಚ್ಚಿ, ಕಬ್ಬಿಣ ತೆಗೆದು ಟೈಟಾನಿಯಂ ಸರಳು ಹಾಕುವ ಕೆಲಸ ನಡೆದಿದೆ. ಟೈಟಾನಿಯಂ ತುಕ್ಕು ಹಿಡಿಯುವುದಿಲ್ಲ. ಬಿಸಿಲಿಗೆ ಅದು ಹಿಗ್ಗುವ ಪ್ರಮಾಣವೂ ಅಮೃತಶಿಲೆಗೆ ಹತ್ತಿರ. ಒಂಬತ್ತು ವರ್ಷದಲ್ಲಿ ಕಟ್ಟಿ ನಿಲ್ಲಿಸಿದ ಗುಡಿಯ ರಿಪೇರಿ ಐವತ್ತು ವರ್ಷವಾದರೂ ಮುಗಿದಿಲ್ಲವೆಂದು ಕೆಲವರು ಹಾಸ್ಯ ಮಾಡುತ್ತಾರೆ. ಬಿದ್ದ ಪ್ರತಿ ತುಂಡಿನ ಮೂಲಸ್ಥಾನ ಪತ್ತೆಹಚ್ಚಿ ಅಲ್ಲಿಗೇ ಸೇರಿಸುವ ತಾಳ್ಮೆ ಹಾಸ್ಯಕ್ಕೆ ತಕ್ಕದ್ದಲ್ಲ.

ಎರಡನೆಯದು, ಹೊಗೆ. 1970, 80ರ ದಶಕಗಳಲ್ಲಿ ಅಥೆನ್ಸ್ ಮೇಲೆ ಕಂದು ಬಣ್ಣದ ಮಬ್ಬು ಕವಿಯುತ್ತಿತ್ತು. ಅದಕ್ಕೆ ‘ನೆಫೋಸ್’, ಅಂದರೆ ಮೋಡ, ಎಂದೇ ಹೆಸರು. ಇಂಧನದಲ್ಲಿನ ಗಂಧಕ ಸುಟ್ಟು ಗಂಧಕದ ಡೈ ಆಕ್ಸೈಡ್ ಆಗಿ, ತೇವದೊಂದಿಗೆ ಸೇರಿ ಸಲ್ಫ್ಯೂರಿಕ್ ಆಮ್ಲವಾಗಿ ಕಲ್ಲಿನ ಮೇಲೆ ಕೂರುತ್ತಿತ್ತು. ಅಮೃತಶಿಲೆ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ತಾಗಿದರೆ ಅದು ಜಿಪ್ಸಮ್ ಆಗಿ ಮೆತುವಾಗಿ ಹೊಪ್ಪಳಿಕೆ ಏಳುತ್ತದೆ, ಮಳೆಗೆ ತೊಳೆದುಹೋಗುತ್ತದೆ. ಶತ್ರುಗಳ ಗುಂಡಿಗೂ ಉಳಿದಿದ್ದ ಮುಖಗಳ ಮೂಗು ಕಣ್ಣು ಮಾಸತೊಡಗಿದವು. 1979ರಲ್ಲಿ ಎರೆಕ್ತಿಯಾನ್ ಎಂಬ ಗುಡಿಯಲ್ಲಿ ತಲೆಯ ಮೇಲೆ ಚಾವಣಿ ಹೊತ್ತು ನಿಂತಿದ್ದ ಕಲ್ಲಿನ ಕನ್ಯೆಯರನ್ನು ಕೆಳಗಿಳಿಸಿ ಒಳಗಿಟ್ಟು, ಅವರ ಜಾಗದಲ್ಲಿ ಅಚ್ಚುಗಳನ್ನು ನಿಲ್ಲಿಸಲಾಯಿತು. 1982ರಿಂದ ಊರಿನ ನಡುಭಾಗಕ್ಕೆ ಸಮಸಂಖ್ಯೆಯ ಕಾರುಗಳು ಒಂದು ದಿನ, ಬೆಸಸಂಖ್ಯೆಯವು ಮರುದಿನ ಎಂಬ ನಿಯಮ ಬಂತು. ಇಂಧನದಲ್ಲಿ ಗಂಧಕವೂ ಕಡಿಮೆಯಾಯಿತು. ಗಾಳಿ ಆಗಿನದಕ್ಕಿಂತ ಸುಧಾರಿಸಿದೆ. ಕರಗಿದ ಮೂಗು ಮಾತ್ರ ಮರಳಿ ಬರಲಿಲ್ಲ. ಈ ಬೆಟ್ಟವನ್ನು ಬಳಸಿ ಸುತ್ತುವ ಪ್ರವಾಸಿ ಬಸ್ಸುಗಳೂ ಹೊಗೆ ಬಿಡುವ ವಾಹನಗಳೇ ಎಂಬುದನ್ನು ಮರೆಯಬಾರದು.

ಆ ಕನ್ಯೆಯರಲ್ಲಿ ಐವರು ಬೆಟ್ಟದ ಬುಡದ ಅಕ್ರೊಪೊಲಿಸ್ ಮ್ಯೂಸಿಯಂನಲ್ಲಿದ್ದಾರೆ, ಆರನೆಯವಳು ಲಂಡನ್ನಿನಲ್ಲಿ. ಸಾಲಿನಲ್ಲಿ ಅವಳ ಜಾಗವನ್ನು ಖಾಲಿ ಬಿಟ್ಟಿದ್ದಾರೆ. 2009ರ ಜೂನಿನಲ್ಲಿ ತೆರೆದ ಈ ಮ್ಯೂಸಿಯಂನ ಮೇಲಂತಸ್ತು ಗಾಜಿನದು, ಎದುರಿನ ಪಾರ್ಥೆನಾನ್‌ಗೆ ಸಮಾನಾಂತರವಾಗಿ ತಿರುಗಿಸಿ ಕಟ್ಟಿದ್ದು. ಗುಡಿಯ ಮೇಲಿದ್ದ ಶಿಲ್ಪಸಾಲನ್ನು ಅದೇ ದಿಕ್ಕಿನಲ್ಲಿ, ಅದೇ ಅನುಕ್ರಮದಲ್ಲಿ ಜೋಡಿಸಲಾಗಿದೆ. ಜೇನು ಬಣ್ಣದ್ದು ಮೂಲ ಕಲ್ಲು. ಸುಣ್ಣದಂತೆ ಬಿಳಿಚಿಕೊಂಡದ್ದು ಲಂಡನ್ನಿನಲ್ಲಿರುವ ತುಂಡಿನ ಅಚ್ಚು. ಒಂದು ಕುದುರೆಯ ತಲೆ ಜೇನು ಬಣ್ಣ, ಮೈ ಬಿಳಿ. ಹಿಂದಕ್ಕೆ ಕೊಡಿ ಎಂಬ ವಾದವನ್ನು ಗ್ರೀಕರು ಮಾತಿಲ್ಲದೆ ಹೀಗೆ ಮಂಡಿಸಿದ್ದಾರೆ.

ಅಧಿಕಮಾಸದ ಊರು

ಹೆಚ್ಚಿನ ಪ್ರವಾಸಿಗರ ಅಥೆನ್ಸ್ ಇಲ್ಲಿಗೆ ಮುಗಿಯುತ್ತದೆ. ಮ್ಯೂಸಿಯಂನಿಂದ ಹೊರಬಂದು ದಣಿದು ಬಸ್ಸು ಹತ್ತಿದವರು ಆಮೇಲೆ ಇಳಿಯುವುದು ಕಡಿಮೆ. ತಂತಿ ಕಿವಿಯಲ್ಲಿ, ಕ್ಯಾಮೆರಾ ಕೈಯಲ್ಲಿ. ಇಳಿದು ಹತ್ತುವ ಬಸ್ಸಿನ ದೋಷವೇ ಇದು: ಇಳಿಯುವ ಸ್ವಾತಂತ್ರ್ಯ ಕೊಡುತ್ತದೆ, ಇಳಿಯದೆ ಇರುವ ಸುಖವನ್ನೂ ಕೊಡುತ್ತದೆ. ಸುಖ ಗೆಲ್ಲುತ್ತದೆ. ಮಕ್ಕಳನ್ನು ಕರೆತಂದ ತಂದೆತಾಯಂದಿರು ಸ್ವಲ್ಪ ಹಟ ಮಾಡಿ ಇನ್ನು ಮೂರು ಕಡೆ ಕಾಲಿಟ್ಟರೆ ಟಿಕೆಟ್ಟಿನ ದುಡ್ಡು ಸಾರ್ಥಕ.

ಅಕ್ರೊಪೊಲಿಸ್‌ನ ಪಶ್ಚಿಮಕ್ಕೆ ಪ್ನಿಕ್ಸ್ ಎಂಬ ಗುಡ್ಡ. ಪ್ರಾಚೀನ ಅಥೆನ್ಸ್‌ನ ಪೌರರು ಬಯಲಲ್ಲಿ ಸಭೆ ಸೇರಿ ಕೈಯೆತ್ತಿ ಕಾನೂನು ಮಾಡುತ್ತಿದ್ದ ಜಾಗ. ಹೆಂಗಸರಿಗೂ ಗುಲಾಮರಿಗೂ ಅಲ್ಲಿ ಕೈಯೆತ್ತುವ ಹಕ್ಕಿರಲಿಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಮೆಟಾನ್ ಎಂಬ ಖಗೋಳಜ್ಞ ಕ್ರಿ.ಪೂ. 432ರಲ್ಲಿ ಸೂರ್ಯನ ದಕ್ಷಿಣಾಯನ ಆರಂಭವಾಗುವ ದಿನವನ್ನು ಗುರುತಿಸಿದ. ಅವನ ಸೂರ್ಯವೀಕ್ಷಣೆಯ ಸಾಧನ ಇದ್ದದ್ದು ಈ ಗುಡ್ಡದ ಮೇಲೆ. ಹತ್ತೊಂಬತ್ತು ಸೌರ ವರ್ಷಗಳಿಗೆ ಸರಿಯಾಗಿ 235 ಚಾಂದ್ರಮಾಸಗಳು ಬರುತ್ತವೆ ಎಂಬ ಚಕ್ರಕ್ಕೆ ಅವನ ಹೆಸರೇ ಇದೆ. ಬ್ಯಾಬಿಲೋನಿಯದವರಿಗೂ ಈ ಸಂಗತಿ ತಿಳಿದಿತ್ತು. ಲೆಕ್ಕ ಹಾಕಿ ನೋಡಿ: 365.2422ನ್ನು 19ರಿಂದ ಗುಣಿಸಿದರೆ 6939.60 ದಿನ, 29.53059ನ್ನು 235ರಿಂದ ಗುಣಿಸಿದರೆ 6939.69 ದಿನ. ಹತ್ತೊಂಬತ್ತು ವರ್ಷದಲ್ಲಿ ತಪ್ಪು ಬರಿಯ ಎರಡು ಗಂಟೆ!

ಇದು ನಮ್ಮ ಮನೆಯ ಪಂಚಾಂಗದ ಲೆಕ್ಕವೂ ಹೌದು. ಹತ್ತೊಂಬತ್ತು ವರ್ಷಕ್ಕೆ ಹನ್ನೆರಡರಂತೆ 228 ಮಾಸ. 235 ಆಗಬೇಕಾದರೆ ಇನ್ನು ಏಳು ಬೇಕು. ಹತ್ತೊಂಬತ್ತು ವರ್ಷದಲ್ಲಿ ಬರುವ ಏಳು ಅಧಿಕಮಾಸಗಳು ಅವೇ. 2004ರಲ್ಲಿ, ಅಥೆನ್ಸ್ ಒಲಿಂಪಿಕ್ಸ್‌ನ ವರ್ಷ, ನಮ್ಮಲ್ಲಿ ಅಧಿಕ ಶ್ರಾವಣ. ಅದಕ್ಕೆ ಹತ್ತೊಂಬತ್ತು ಕೂಡಿಸಿದರೆ 2023. ಆ ವರ್ಷವೂ ಅಧಿಕ ಶ್ರಾವಣವೇ ಬಂತು. ಹಳೆಯ ಕ್ಯಾಲೆಂಡರ್ ಕಟ್ಟಿಟ್ಟ ಮನೆಯವರು ತೆಗೆದು ನೋಡಬಹುದು. ಒಂದೇ ಸೂರ್ಯಚಂದ್ರರನ್ನು ನೋಡಿದವರು ಒಂದೇ ಸಂಖ್ಯೆಗೆ ಬಂದು ಮುಟ್ಟಿದರೆ ಅದರಲ್ಲಿ ಅಚ್ಚರಿಯೇನಿಲ್ಲ.

ಎರಡನೆಯ ಜಾಗ ಹಳೆಯ ಓಣಿಗಳ ಪ್ಲಾಕಾ ಬಡಾವಣೆಯ ಅಂಚಿನಲ್ಲಿ, ರೋಮನ್ ಕಾಲದ ಸಂತೆಮಾಳದ ಒಳಗಿದೆ. ಅಲ್ಲಿಗೆ ಡಬಲ್ ಡೆಕ್ಕರ್ ನುಗ್ಗಲಾರದು. ಮೊನಾಸ್ಟಿರಾಕಿಯ ಕಡೆ ಇಳಿದು ನಡೆಯಬೇಕು. ‘ಗಾಳಿಗಳ ಗೋಪುರ’ ಎಂದು ಅದರ ಹೆಸರು. ಎಂಟು ಮೂಲೆಯ, ಸುಮಾರು ಹನ್ನೆರಡು ಮೀಟರ್ ಎತ್ತರದ, ಎರಡು ಸಾವಿರ ವರ್ಷ ಹಿಂದಿನ ಅಮೃತಶಿಲೆಯ ಕಟ್ಟಡ. ಕಟ್ಟಿಸಿದವನು ಆಂಡ್ರೊನಿಕಸ್ ಎಂಬ ಖಗೋಳಜ್ಞ. ಎಂಟು ದಿಕ್ಕಿಗೆ ಎಂಟು ಗಾಳಿದೇವರು ರೆಕ್ಕೆ ಬಿಚ್ಚಿ ಹಾರುತ್ತಿದ್ದಾರೆ. ಬಡಗಣ ಗಾಳಿ ಬೊರಿಯಸ್ ದಪ್ಪ ಬಟ್ಟೆ ಹೊದ್ದು ಶಂಖ ಊದುತ್ತಾನೆ; ಈಶಾನ್ಯದವನ ಕೈಯ ಗುರಾಣಿಯಲ್ಲಿ ಆಲಿಕಲ್ಲು; ತೆಂಕಣದವನು ಮಳೆಯ ಕೊಡ ಬೋರಲು ಹಾಕುತ್ತಿದ್ದಾನೆ; ಪಡುವಣದ ಜೆಫಿರಸ್ ಮಡಿಲಲ್ಲಿ ಹೂವು. ನಮ್ಮ ದೇವಾಲಯಗಳ ನಡುಚಾವಣಿಯಲ್ಲಿ ಅಷ್ಟದಿಕ್ಪಾಲಕರನ್ನು ತಲೆಯೆತ್ತಿ ನೋಡಿ ಕುತ್ತಿಗೆ ನೋಯಿಸಿಕೊಂಡವರಿಗೆ ಈ ಎಂಟರ ಏರ್ಪಾಟು ಹೊಸದಲ್ಲ. ಆದರೆ ಇಲ್ಲಿರುವುದು ಹವಾಮಾನದ ಪಾಠ. ಯಾವ ದಿಕ್ಕಿನ ಗಾಳಿ ಏನು ತರುತ್ತದೆ ಎಂಬುದನ್ನು ಓದು ಬಾರದವನೂ ತಿಳಿಯಲಿ ಎಂದು ಕೆತ್ತಿದ್ದು. ನೆತ್ತಿಯ ಮೇಲೆ ಗಾಳಿಗೆ ತಿರುಗುವ ಕಂಚಿನ ಬೊಂಬೆ ಇತ್ತು. ಪ್ರತಿ ಮುಖದ ಮೇಲೂ ಬಿಸಿಲು ಗಡಿಯಾರದ ಗೆರೆಗಳು ಈಗಲೂ ಕಾಣುತ್ತವೆ. ರಾತ್ರಿ ಮತ್ತು ಮೋಡದ ದಿನಕ್ಕೆ? ಅದಕ್ಕೆಂದು ಒಳಗೆ ನೀರುಗಡಿಯಾರ. ನೆಲದ ಮೇಲಿನ ಕಾಲುವೆಗಳು ಉಳಿದಿವೆ. ಸಂತೆಗೆ ಬಂದ ರೈತ, ಹಡಗು ಹೊರಡಿಸುವ ವ್ಯಾಪಾರಿ ಇಬ್ಬರಿಗೂ ಗಡಿಯಾರ ಮತ್ತು ಹವಾಮಾನ ಕಚೇರಿ ಒಂದೇ ಸೂರಿನಡಿ!

ಅಲ್ಲಿಂದ ಬಸ್ಸು ಉತ್ತರಕ್ಕೆ ಸಾಗುವಾಗ ಮೂರು ಬಿಳಿ ಕಟ್ಟಡಗಳು ಸಾಲಾಗಿ ಬರುತ್ತವೆ: ಅಕಾಡೆಮಿ, 1837ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ, ಹಳೆಯ ರಾಷ್ಟ್ರೀಯ ಗ್ರಂಥಾಲಯ. ಅಕಾಡೆಮಿಯ ಮುಂದೆ ಸಾಕ್ರಟೀಸ್, ಪ್ಲೇಟೊ ಕಲ್ಲಾಗಿ ಕುಳಿತಿದ್ದಾರೆ. ಸಾಕ್ರಟೀಸನಿಗೆ ವಿಷ ಕುಡಿಸಿದ ಊರೂ ಇದೇ. ಮುಂದೆ ಪಾಲಿಟೆಕ್ನಿಕ್ ಕಾಲೇಜು. ಸೇನಾ ಸರ್ವಾಧಿಕಾರದ ವಿರುದ್ಧ ವಿದ್ಯಾರ್ಥಿಗಳು ಅದರೊಳಗೆ ಸೇರಿ ಪ್ರತಿಭಟಿಸುತ್ತಿದ್ದಾಗ 1973ರ ನವೆಂಬರ್ 17ರ ನಸುಕಿನಲ್ಲಿ ಯುದ್ಧಟ್ಯಾಂಕ್ ಗೇಟು ಮುರಿದು ಒಳನುಗ್ಗಿತು. ಮರುವರ್ಷ ಸರ್ವಾಧಿಕಾರವೇ ಬಿದ್ದುಹೋಯಿತು. ಜಜ್ಜಿದ ಆ ಗೇಟನ್ನು ಹಾಗೆಯೇ ಉಳಿಸಿದ್ದಾರೆ. ಪ್ರತಿ ವರ್ಷ ಆ ದಿನ ಅಲ್ಲಿ ಹೂವಿಡುತ್ತಾರೆ.

ಅದರ ಪಕ್ಕದಲ್ಲೇ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂ. ಇಲ್ಲಿ ಬಸ್ಸಿನ ಅರ್ಧದಷ್ಟು ಜನರೂ ಇಳಿಯುವುದಿಲ್ಲ. ಇಳಿದವರು ಮೈಸೀನಿಯದ ಚಿನ್ನದ ಮುಖವಾಡದ ಮುಂದೆ ಗುಂಪುಗಟ್ಟುತ್ತಾರೆ. ಅದು ನೋಡತಕ್ಕದ್ದೇ. ಆದರೆ ಒಳಗಿನ ಇನ್ನೊಂದು ಕೋಣೆಯಲ್ಲಿ, ಗಾಜಿನ ಪೆಟ್ಟಿಗೆಯಲ್ಲಿ, ಹಸಿರು ಪಾಚಿಗಟ್ಟಿದಂಥ ಕಂಚಿನ ತುಂಡುಗಳಿವೆ. ಗುಜರಿ ಅಂಗಡಿಯವನೂ ಮುಟ್ಟಲಿಕ್ಕಿಲ್ಲ, ಹಾಗಿವೆ. 1900ರಲ್ಲಿ ಸ್ಪಂಜು ತೆಗೆಯಲು ಮುಳುಗಿದವರು ಆಂಟಿಕಿಥೆರಾ ದ್ವೀಪದ ಬಳಿ ಕ್ರಿ.ಪೂ. 1ನೇ ಶತಮಾನದಲ್ಲಿ ಮುಳುಗಿದ ಹಡಗನ್ನು ಕಂಡರು. ಮೇಲೆತ್ತಿದ ವಿಗ್ರಹಗಳ ನಡುವೆ ಬಂದ ಈ ಗಡ್ಡೆಯಲ್ಲಿ ಹಲ್ಲುಚಕ್ರ ಇರುವುದು 1902ರಲ್ಲಿ ಕಣ್ಣಿಗೆ ಬಿತ್ತು. ಅದೇನೆಂದು ಅರ್ಥವಾಗಲು ಇನ್ನೂ ಎಷ್ಟೋ ದಶಕ ಬೇಕಾದವು. ಡೆರೆಕ್ ಡಿ ಸೊಲ್ಲಾ ಪ್ರೈಸ್ ಎಂಬ ವಿಜ್ಞಾನ ಇತಿಹಾಸಕಾರ ಎಕ್ಸ್‌ರೇ ತೆಗೆಸಿ ಹಲ್ಲುಗಳನ್ನು ಎಣಿಸಿದರು. 2005ರಲ್ಲಿ ಹಲವು ಟನ್ ತೂಕದ ಎಕ್ಸ್‌ರೇ ಯಂತ್ರವನ್ನೇ ಮ್ಯೂಸಿಯಂಗೆ ತಂದು, ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡುವಂತೆ ತುಂಡು ತುಂಡನ್ನೂ ಪದರಪದರವಾಗಿ ನೋಡಿದರು.

ಕಂಡದ್ದೇನು? ಕೈಯಿಂದ ತಿರುಗಿಸುವ ಖಗೋಳ ಯಂತ್ರ. ಉಳಿದ 82 ತುಂಡುಗಳಲ್ಲಿ ಮೂವತ್ತು ಹಲ್ಲುಚಕ್ರಗಳು. ಹಿಂಬದಿಯ ಸುರುಳಿಯಾಕಾರದ ಮುಖವೊಂದರಲ್ಲಿ 235 ಮನೆಗಳು - ಪ್ನಿಕ್ಸ್ ಗುಡ್ಡದ ಮೆಟಾನ್‌ನ 235! ಇನ್ನೊಂದು ಸುರುಳಿಯಲ್ಲಿ 223 ಮನೆಗಳು. ಗ್ರಹಣಗಳು 223 ಚಾಂದ್ರಮಾಸಗಳಿಗೊಮ್ಮೆ, ಅಂದರೆ ಹದಿನೆಂಟು ವರ್ಷ ಹನ್ನೊಂದು ದಿನ ಚಿಲ್ಲರೆಗೆ, ಅದೇ ಕ್ರಮದಲ್ಲಿ ಮರುಕಳಿಸುತ್ತವೆ. ಆ ಲೆಕ್ಕಕ್ಕೆಂದು ಒಂದು ಚಕ್ರಕ್ಕೆ 223 ಹಲ್ಲುಗಳನ್ನು ಅರದಿಂದ ಉಜ್ಜಿ ಮಾಡಿದ್ದಾರೆ. 223 ಅವಿಭಾಜ್ಯ ಸಂಖ್ಯೆ. ವೃತ್ತವನ್ನು ಅಷ್ಟು ಸಮಭಾಗ ಮಾಡುವ ಕಷ್ಟ ಕೈವಾರ ಹಿಡಿದು ಪ್ರಯತ್ನಿಸಿದವರಿಗೆ ತಿಳಿಯುತ್ತದೆ. ಪುಟ್ಟದೊಂದು ಮುಳ್ಳು ಒಲಿಂಪಿಕ್ ಮೊದಲಾದ ಕ್ರೀಡಾಕೂಟಗಳು ಯಾವ ವರ್ಷ ಎಂದು ತೋರಿಸುತ್ತಿತ್ತು. ಇಷ್ಟು ಜಟಿಲವಾದ ಹಲ್ಲುಚಕ್ರದ ಯಂತ್ರ ಮತ್ತೆ ಕಾಣಸಿಗುವುದು ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ. ನಡುವೆ ಆ ವಿದ್ಯೆ ಎಲ್ಲಿ ಹೋಯಿತು? ಮಾಡಿದವರು ಸತ್ತರು, ಕಲಿತವರು ಕಡಿಮೆಯಾದರು, ಕಂಚನ್ನು ಕರಗಿಸಿ ಬೇರೆ ಕೆಲಸಕ್ಕೆ ಬಳಸಿದರು. ಒಂದು ಉಳಿದದ್ದು ಹಡಗು ಮುಳುಗಿದ್ದರಿಂದ.

ಮಾರ್ಗದ ಪಶ್ಚಿಮಕ್ಕೆ ಕೆರಮೈಕಸ್, ಕುಂಬಾರರ ಕೇರಿ ಮತ್ತು ಹಳೆಯ ಸ್ಮಶಾನ. ಇಂಗ್ಲಿಷಿನ ‘ಸೆರಾಮಿಕ್’ ಪದದ ಬಳಗದ ಹೆಸರು. 1994-95ರಲ್ಲಿ ಮೆಟ್ರೋ ಕಾಮಗಾರಿಯ ವೇಳೆ ಇಲ್ಲಿ ಅವಸರದಲ್ಲಿ ಒಟ್ಟೊಟ್ಟಿಗೆ ಹೂತ ಅಸ್ಥಿಪಂಜರಗಳು ಸಿಕ್ಕವು. ಕ್ರಿ.ಪೂ. 430ರಲ್ಲಿ ಅಥೆನ್ಸನ್ನು ಬಡಿದು, ನಾಯಕ ಪೆರಿಕ್ಲಿಸ್‌ನನ್ನೂ ಬಲಿ ತೆಗೆದುಕೊಂಡ ಮಹಾಮಾರಿಗೆ ಸಿಕ್ಕವರೆಂದು ತಿಳಿಯಲಾಗಿದೆ. ಅವರಲ್ಲಿ ಸುಮಾರು ಹನ್ನೊಂದು ವರ್ಷದ ಹುಡುಗಿಯೊಬ್ಬಳ ತಲೆಬುರುಡೆ ಚೆನ್ನಾಗಿ ಉಳಿದಿತ್ತು. ವಿಜ್ಞಾನಿಗಳು ಅದರ ಮೇಲೆ ಸ್ನಾಯು, ಚರ್ಮ ಕೂಡಿಸುತ್ತಾ ಹೋಗಿ 2010ರಲ್ಲಿ ಅವಳ ಮುಖವನ್ನು ಮತ್ತೆ ರೂಪಿಸಿದರು. ಮಿರ್ಟಿಸ್ ಎಂದು ಹೆಸರಿಟ್ಟರು. ಆರನೇ ತರಗತಿಯ ಬೆಂಚಿನಲ್ಲಿ ಕೂತಿರಬಹುದಾದ ಮುಖ.

ಬಂದರು ಪಿರೇಯಸ್‌ಗೆ ಹೋಗುವ ಬೇರೆ ಬಸ್ ಮಾರ್ಗವೂ ಇದೆ, ಸುಮಾರು ಹತ್ತು ಕಿ.ಮೀ. ದೂರ. ಹಡಗುಗಳನ್ನು ನೋಡಲು ಆಸೆಯಿದ್ದರೆ ಮಾತ್ರ ಹೋಗಬೇಕು. ಒಂದೇ ದಿನ ಇದ್ದವರಿಗೆ ಬೇಡ. ಖರ್ಚಿನ ದೃಷ್ಟಿಯಿಂದ ಮೆಟ್ರೋ ಅಗ್ಗ. ಮಂಡಿನೋವಿನ ಅಜ್ಜ ಅಜ್ಜಿ, ಚಿಕ್ಕ ಮಕ್ಕಳು ಜೊತೆಗಿದ್ದರೆ ಬಸ್ಸೇ ಸರಿ. ಮೊದಲ ಸುತ್ತನ್ನು ಇಳಿಯದೆ ಮುಗಿಸಿ ಊರಿನ ನಕ್ಷೆ ತಲೆಯಲ್ಲಿ ಕೂತ ಮೇಲೆ ಎರಡನೇ ಸುತ್ತಿನಲ್ಲಿ ಇಳಿಯುವುದು ಅನುಭವಸ್ಥರ ಕ್ರಮ. ಟೋಪಿ, ನೀರಿನ ಬಾಟಲಿ ಇರಲಿ. ನಲ್ಲಿಯ ನೀರು ಕುಡಿಯಬಹುದು. ಕೊನೆಯ ಬಸ್ಸಿನ ವೇಳೆ ಹತ್ತುವಾಗಲೇ ಕೇಳಿಕೊಳ್ಳಬೇಕು, ಚಳಿಗಾಲದಲ್ಲಿ ಬೇಗ ನಿಲ್ಲುತ್ತದೆ.

ಹಸಿವಾದರೆ ಬೀದಿಯ ಗಾಡಿಗಳಲ್ಲಿ ಎಳ್ಳು ಅಂಟಿಸಿದ ಬಳೆಯಾಕಾರದ ರೊಟ್ಟಿ, ‘ಕುಲೂರಿ’, ಸಿಗುತ್ತದೆ. ಚಿಲ್ಲರೆ ಹಿಂದೆ ಬಂದಾಗ ಒಂದು ಯೂರೋ ನಾಣ್ಯವನ್ನು ತಿರುಗಿಸಿ ನೋಡಬೇಕು. ಗ್ರೀಸ್‌ನಲ್ಲಿ ಅಚ್ಚಾದದ್ದಾದರೆ ಅದರ ಮೇಲೆ ದುಂಡು ಕಣ್ಣಿನ ಗೂಬೆ ಇರುತ್ತದೆ. ಎರಡೂವರೆ ಸಾವಿರ ವರ್ಷ ಹಿಂದೆ ಅಥೆನ್ಸ್‌ನ ಬೆಳ್ಳಿ ನಾಣ್ಯದ ಮೇಲೆ ಇದ್ದ ಗೂಬೆಯೇ ಅದು. ನಮ್ಮಲ್ಲಿ ಅಪಶಕುನ, ಅಲ್ಲಿ ವಿದ್ಯೆಯ ದೇವತೆ ಅಥೀನಾಳ ಹಕ್ಕಿ.